ಆರೋಗ್ಯ ವಿಚಾರ: ರೋಗದ ಶೇಷ

ಸಾಲ, ಬೆಂಕಿ, ರೋಗ, ಈ ಮೂರರ ಶೇಷವನ್ನು ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಸಾಲದ ಬಾಕಿಯನ್ನು ಬ್ಯಾಂಕಿನವರು ನೆನಪಿಸುತ್ತಾರೆ. ರೋಗದ ಬಾಕಿಯನ್ನು ನೆನಪಿಸುವವರಿಲ್ಲ. ಆದುದರಿಂದ ಈ ಸಲ ಅದೇ ಮಾತನ್ನು ಎತ್ತಿಕೊಂಡಿದ್ದೇವೆ.

ಕೆಮ್ಮುಗಳೆಲ್ಲ ಒಂದೇ ಜಾತಿಯವಲ್ಲ. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರುವಂಥದು. ಆಂಟಿಬಯೋಟಿಕ್ ಮಾತ್ರೆ ಅದನ್ನು ಮುಟ್ಟಲಾರದು. ಬ್ಯಾಕ್ಟೀರಿಯಾಗಳಿಂದ ಬರುವ ನ್ಯುಮೋನಿಯ, ಕ್ಷಯ ಮುಂತಾದವುಗಳಿಗೆ ಮಾತ್ರ ಆ ಬಗೆಯ ಮದ್ದು. ಯಾವುದು ಯಾವುದೆಂದು ನಿರ್ಣಯಿಸಬೇಕಾದವರು ವೈದ್ಯರು. ಅಂಗಡಿಯವನೂ ಅಲ್ಲ, ನೆರೆಮನೆಯವರೂ ಅಲ್ಲ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಚೀಟಿಯಿಲ್ಲದೆ ಕೊಳ್ಳಬಾರದೆಂದೇ ಅರ್ಥ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿ 1882ರಲ್ಲಿ ಜಗತ್ತಿಗೆ ತೋರಿಸಿದನು. ಅದು ಹರಡುವುದು ಗಾಳಿಯಿಂದ, ತಟ್ಟೆ ಲೋಟಗಳಿಂದಲ್ಲ. ಕಿಟಕಿ ತೆರೆಯದ ಒಂದು ಕೋಣೆಯ ಬಿಡಾರ ಅದಕ್ಕೆ ಬಲು ಅನುಕೂಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು 4 ಔಷಧಿಗಳು, ಅನಂತರ 4 ತಿಂಗಳು 3 ಔಷಧಿಗಳು.

ಕೆಲವು ವಾರಗಳಲ್ಲೇ ಜ್ವರ ಇಳಿದು, ಊಟ ರುಚಿಸತೊಡಗುತ್ತದೆ. ಗಂಡಾಂತರವಿರುವುದು ಇಲ್ಲಿಯೇ. ಚುರುಕಾಗಿ ಬೆಳೆಯುವ ರೋಗಾಣುಗಳು ಸತ್ತಿದ್ದರೂ ಮಂದಗತಿಯವು ಉಳಿದಿರುತ್ತವೆ. ಔಷಧಿ ನಿಲ್ಲಿಸಿದರೆ ಅವು ಮತ್ತೆ ಹೆಚ್ಚುತ್ತವೆ; ಬಿಟ್ಟು ಬಿಟ್ಟು ತೆಗೆದುಕೊಂಡರೆ ಔಷಧಿಗೆ ಬಗ್ಗದ ಸಂತತಿಯೇ ಮೇಲುಗೈ ಪಡೆಯುತ್ತದೆ. ಆಗ ಪರೀಕ್ಷಿಸಿದ ಯಾವ ಔಷಧಿಗೂ ಬಗ್ಗದ ಕ್ಷಯವನ್ನು ಮುಂಬಯಿಯ ಹಿಂದುಜಾ ಆಸ್ಪತ್ರೆಯ ವೈದ್ಯರು 2012ರ ಸುಮಾರಿಗೆ ವರದಿ ಮಾಡಿದ್ದರು. ಅದು ದೂರ ದೇಶದ ಸುದ್ದಿಯಲ್ಲ, ನಮ್ಮ ಲೋಕಲ್ ಗಾಡಿ ಮುಟ್ಟುವ ಊರಿನದು.

ಪರಊರಿನಲ್ಲಿರುವ ನಮಗೆ ಇನ್ನೊಂದು ತೊಡಕುಂಟು. ಮೇ ತಿಂಗಳ ರಜೆ, ಊರ ಜಾತ್ರೆ, ತಂಗಿಯ ಮದುವೆ! ಮಾತ್ರೆ ಕಲ್ಯಾಣದಲ್ಲಿ, ರೋಗಿ ಗದಗಿನಲ್ಲಿ. ಹೊರಡುವ ಮುನ್ನ ಆರೋಗ್ಯ ಕೇಂದ್ರದಲ್ಲಿ ತಿಳಿಸಿದರೆ, ರೋಗಿಯ ನಿಕ್ಷಯ್ ಸಂಖ್ಯೆಯ ಮೇಲೆ ಚಿಕಿತ್ಸೆಯನ್ನು ಊರಿನ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ. ಸರಕಾರಿ ಗುಮಾಸ್ತರಾದ ನಮಗೆ ವರ್ಗವೆಂದರೆ ಎದೆ ನಡುಗುತ್ತದೆ. ಈ ಒಂದು ವರ್ಗವನ್ನು ಮಾತ್ರ ಕೇಳಿ ಪಡೆಯತಕ್ಕದ್ದು.

ಮಗಳ ಮದುವೆಗೆ ಅಡ್ಡಿಯಾದೀತೆಂದು ಕ್ಷಯವನ್ನು ಮುಚ್ಚಿಡುವ ಮನೆಗಳು ಈಗಲೂ ಇವೆ. ಮುಚ್ಚಿಟ್ಟ ರೋಗ ಮೊದಲು ತಾಗುವುದು ಮನೆಯವರಿಗೇ. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫವನ್ನು ಪರೀಕ್ಷೆ ಮಾಡಿಸಿರಿ. ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಹಿಡಿದ ಔಷಧಿಯನ್ನು ವೈದ್ಯರು ಸಾಕೆನ್ನುವವರೆಗೆ ಬಿಡದಿರಿ. ಇದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.