ಉಚಿತ ಪಾಠಕ್ಕೆ ಲ್ಯಾಬ್ ಬಾಗಿಲು ತೆರೆಯಲಿ



ಪ್ರೋಗ್ರಾಮಿಂಗ್, ಕ್ಲೌಡ್ ಕಂಪ್ಯೂಟಿಂಗ್ ಕಲಿಯಲೆಂದು ಹಳ್ಳಿಯ ಪದವೀಧರರು ಸಾಲ ಮಾಡಿ ನಗರದ ತರಬೇತಿ ಕೇಂದ್ರಗಳಿಗೆ ಹಣ ಕಟ್ಟುವುದನ್ನು ಕಂಡಾಗ ಸಂಕಟವಾಗುತ್ತದೆ. ಇದೇ ವಿಷಯಗಳನ್ನು ಐಐಟಿ ಪ್ರಾಧ್ಯಾಪಕರು ‘ಸ್ವಯಂ’ ಹಾಗೂ ‘ಎನ್‌ಪಿಟೆಲ್’ ತಾಣಗಳಲ್ಲಿ ಉಚಿತವಾಗಿ ಕಲಿಸುತ್ತಾರೆ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿದರಾಯಿತು. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ನಲ್ಲಿ ಕನ್ನಡ ಧ್ವನಿಯ ಪಾಠಗಳೇ ಇವೆ. ಇಂಗ್ಲಿಷ್ ಬಲ್ಲವರಿಗೆ ಹಾರ್ವರ್ಡ್‌ನ ‘ಸಿಎಸ್50’, ‘ಫ್ರೀಕೋಡ್‌ಕ್ಯಾಂಪ್’ ಎಂಬ ಪ್ರೋಗ್ರಾಮಿಂಗ್ ಪಾಠಗಳಿವೆ. ಕ್ಲೌಡ್ ಕಲಿಕೆಗೆ ‘ಮೈಕ್ರೋಸಾಫ್ಟ್ ಲರ್ನ್’, ಅಮೆಜಾನ್‌ನ ‘ಸ್ಕಿಲ್ ಬಿಲ್ಡರ್’ ಇವೆ.

ಒಂದು ಎಚ್ಚರಿಕೆ: ಕ್ಲೌಡ್ ಅಭ್ಯಾಸಕ್ಕೆ ಖಾತೆ ತೆರೆಯುವಾಗ ಕಾರ್ಡ್ ವಿವರ ಕೇಳುವುದುಂಟು. ಉಚಿತ ಮಿತಿ ಮೀರಿದರೆ ಬಿಲ್ ಬರಬಹುದು. ಆದ್ದರಿಂದ ಖರ್ಚಿನ ಮಿತಿ ತಿಳಿಸುವ ಸಂದೇಶಗಳನ್ನು ಮೊದಲೇ ಹೊಂದಿಸಿಕೊಂಡು, ಅಭ್ಯಾಸ ಮುಗಿದ ಕೂಡಲೇ ಅದಕ್ಕಾಗಿ ರಚಿಸಿದ ಸರ್ವರ್ ಅಳಿಸಬೇಕು. ಈ ಎಚ್ಚರಿಕೆಯನ್ನು ಕಲಿಯುವವರಿಗೆ ಯಾರಾದರೂ ಹೇಳಿಕೊಡಬೇಕು.

ಪಾಠ ಉಚಿತವಾದರೂ ಕಂಪ್ಯೂಟರ್ ಎಲ್ಲರ ಮನೆಯಲ್ಲಿಲ್ಲ. ಮೊಬೈಲ್‌ನಲ್ಲಿ ವಿಡಿಯೊ ನೋಡಬಹುದು. ಆದರೆ ಕೋಡ್ ಬರೆದು ಕೈ ಪಳಗಲು ಕೀಲಿಮಣೆ ಬೇಕು. ಅದಕ್ಕಾಗಿ ಸರ್ಕಾರಿ ಪದವಿ ಕಾಲೇಜುಗಳು ಸಂಜೆ ಎರಡು ತಾಸು ಲ್ಯಾಬ್ ತೆರೆದಿಡಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಇರುವ ಕಂಪ್ಯೂಟರ್‌ಗಳೂ ಇದಕ್ಕೆ ಬಳಕೆಯಾಗಲಿ. ಉನ್ನತ ಶಿಕ್ಷಣ ಇಲಾಖೆ ಈ ಉಚಿತ ಕೋರ್ಸ್‌ಗಳ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲೂ ಹಾಕಿಸಬೇಕು.

– ಒಬ್ಬ ಉಪನ್ಯಾಸಕಿ, ಹಾವೇರಿ