ಮಗು ತೆಗೆದ ನೂಲಿಗೆ ಮೂರು ಸುಲಭ ಹೆಣಿಗೆ

ನಿಮ್ಮ ಮನೆಯಲ್ಲೂ ಒಂದು ಡ್ರಾಯರ್ ಇರಬಹುದು. ಅದರಲ್ಲಿ ಮಗಳು ಶಾಲೆಯಲ್ಲೋ ಬೇಸಿಗೆ ಶಿಬಿರದಲ್ಲೋ ತಕಲಿಯಿಂದ ತೆಗೆದ ಉಣ್ಣೆ ನೂಲಿನ ಒಂದು ಉಂಡೆ ಕುಳಿತಿರುತ್ತದೆ. ಒಂದು ಕಡೆ ಹುರಿಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಹೊಲಿಗೆ ದಾರದಷ್ಟು ಸಣ್ಣ. "ಇದರಿಂದ ಏನು ಮಾಡೋದು?" ಎಂದು ಎತ್ತಿಟ್ಟದ್ದು ಹಾಗೇ ಉಳಿದುಬಿಡುತ್ತದೆ.

ಊರಿನಿಂದ ಆರು ತಿಂಗಳಿಗೆಂದು ಬರುವ ಅಜ್ಜ ಅಜ್ಜಿಯರಲ್ಲಿ ಕೆಲವರು ಚಿಕ್ಕಂದಿನಲ್ಲಿ ಶಾಲೆಯಲ್ಲೇ ತಕಲಿ ಹಿಡಿದವರು. ಹತ್ತಿಯ ಹಂಜಿ ಹಿಡಿದು ಪಳಗಿದ ಕೈಗೆ ಉಣ್ಣೆ ಹೊಸದಾದರೂ ಎಳೆಯುವ ಹದ ಮರೆತಿರುವುದಿಲ್ಲ. ಮೊಮ್ಮಗು ತಿರುಗಿಸಿ, ಅಜ್ಜಿ ಎಳೆದು ಮಾಡಿದ ನೂಲಾದರೆ ಅದಕ್ಕೆ ಇನ್ನೂ ಹೆಚ್ಚಿನ ಬೆಲೆ. ಅಂಗಡಿಯ ನೂಲು ಮುಗಿದರೆ ಅದೇ ಬಣ್ಣದ ಇನ್ನೊಂದು ಉಂಡೆ ತರಬಹುದು. ಇದು ಮುಗಿದರೆ ಮುಗಿಯಿತು. ಆದ್ದರಿಂದ ಕೈನೂಲಿನ ಹೆಣಿಗೆಯಲ್ಲಿ ಮೊದಲು ಬೇಕಾದದ್ದು ಕಡ್ಡಿಯಲ್ಲ, ಅಡುಗೆಮನೆಯ ತಕ್ಕಡಿ.

ಹೆಣೆಯುವ ಮೊದಲು

ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಬೇರೆ ದಾರದಿಂದ ಕಟ್ಟಿ. ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಉಜ್ಜಬೇಡಿ, ಹಿಂಡಬೇಡಿ, ಉಜ್ಜಿದರೆ ಉಣ್ಣೆ ಗಂಟುಗಟ್ಟುತ್ತದೆ. ಟವೆಲಿನಲ್ಲಿ ಒತ್ತಿ ನೀರು ತೆಗೆದು ನೇತುಹಾಕಿ ಒಣಗಿಸಿ. ಇದರಿಂದ ನೂಲಿನ ಹುರಿ ಕೂರುತ್ತದೆ, ಹೆಣೆಯುವಾಗ ಸುರುಳಿ ಸುತ್ತಿಕೊಳ್ಳುವುದು ಕಡಿಮೆಯಾಗುತ್ತದೆ.

ಒಣಗಿದ ನೂಲನ್ನು ಅಳತೆಪಟ್ಟಿಗೆ ಒತ್ತೊತ್ತಾಗಿ, ಎಳೆಯದೆ ಸುತ್ತಿ, ಒಂದು ಇಂಚಿನಲ್ಲಿ ಎಷ್ಟು ಸುತ್ತು ಬರುತ್ತದೆ ನೋಡಿ. ಮೂರು ನಾಲ್ಕು ಜಾಗದಲ್ಲಿ ಅಳೆದು ಸರಾಸರಿ ತೆಗೆಯಿರಿ. ಈ ಲೆಕ್ಕ ಮಕ್ಕಳೇ ಮಾಡಲಿ. 5-6 ಸುತ್ತು ಬಂದರೆ 8 ಮಿ.ಮೀ. ಕಡ್ಡಿ, 8-10 ಬಂದರೆ 5 ಮಿ.ಮೀ., 12-14 ಬಂದರೆ 4 ಮಿ.ಮೀ. ಅನುಮಾನ ಬಂದರೆ ದೊಡ್ಡ ಕಡ್ಡಿಯನ್ನೇ ಹಿಡಿಯಿರಿ, ದಪ್ಪ ಜಾಗಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಹೆಣಿಗೆ ಮಾತ್ರ ಒಂದೇ: ಗಾರ್ಟರ್ ಸ್ಟಿಚ್. ಅಂದರೆ ಹೋಗುವ ಸಾಲೂ ಬರುವ ಸಾಲೂ ನಿಟ್, ಪರ್ಲ್ ಬೇಡವೇ ಬೇಡ. ಮಕ್ಕಳು ಮೊದಲು ಕಲಿಯುವುದೂ ಇದನ್ನೇ. ಒಂದೇ ಎಳೆಯ ನೂಲಿನಲ್ಲಿ ಹುರಿ ಜಾಸ್ತಿಯಿದ್ದರೆ, ಒಂದು ಸಾಲು ನಿಟ್ ಒಂದು ಸಾಲು ಪರ್ಲ್ ಹೆಣೆದ ಬಟ್ಟೆ ಓರೆಗೆ ವಾಲುತ್ತದೆ. ಗಾರ್ಟರ್‌ನಲ್ಲಿ ಎರಡೂ ಮುಖ ಒಂದೇ ಆದ್ದರಿಂದ ಆ ಎಳೆತ ಸರಿದೂಗುತ್ತದೆ. ಏರುತಗ್ಗಿನ ಮೈಯಲ್ಲಿ ದಪ್ಪ ಸಣ್ಣ ಎಳೆಗಳೂ ಬೆರೆತುಹೋಗುತ್ತವೆ.

1. ಲೋಟದ ಮ್ಯಾಟ್

ಇಂಚಿಗೆ 8-10 ಸುತ್ತು ಬರುವ ನೂಲು, 5 ಮಿ.ಮೀ. ಕಡ್ಡಿ ಎಂದಿಟ್ಟುಕೊಳ್ಳಿ. 16 ಕುಣಿಕೆ ಹಾಕಿ, 32 ಸಾಲು ಹೆಣೆದು ಮುಚ್ಚಿ. ಸುಮಾರು 10 ಸೆಂ.ಮೀ. ಚೌಕ ಬರುತ್ತದೆ. ಗಾರ್ಟರ್‌ನಲ್ಲಿ ಕುಣಿಕೆಯ ಎರಡರಷ್ಟು ಸಾಲು ಹೆಣೆದರೆ ಚೌಕ ಎಂಬುದು ನೆನಪಿಡಲು ಸುಲಭ.

ಈಗ ಈ ಚೌಕವನ್ನು ತೂಗಿ. ಇದು ಕಾಫಿ ಲೋಟದ ಕೆಳಗಿಡುವ ಮ್ಯಾಟ್ ಮಾತ್ರವಲ್ಲ, ಮುಂದಿನದಕ್ಕೆಲ್ಲ ಅಳತೆಗೋಲು. ಚೌಕ 7 ಗ್ರಾಂ ಬಂತು, ನಿಮ್ಮಲ್ಲಿ 40 ಗ್ರಾಂ ಉಳಿದಿದೆ ಅಂದರೆ ಇಂಥ ಐದು ಚೌಕದಷ್ಟು ಬಟ್ಟೆ ಸಿಗುತ್ತದೆ, ಸ್ವಲ್ಪ ಮಿಗುತ್ತದೆ. ಅಷ್ಟರಲ್ಲಿ ಏನಾದೀತು ಎಂದು ಯೋಚಿಸಿ, ಆಮೇಲೆ ಕಡ್ಡಿ ಹಿಡಿಯಿರಿ.

2. ಕಿವಿ ಮುಚ್ಚುವ ತಲೆಪಟ್ಟಿ

ಅದೇ 16 ಕುಣಿಕೆ. ಮಗುವಿನ ತಲೆಯ ಸುತ್ತಳತೆಗಿಂತ ನಾಲ್ಕೈದು ಸೆಂ.ಮೀ. ಕಡಿಮೆ ಉದ್ದ ಬರುವವರೆಗೆ ಹೆಣೆಯಿರಿ, ಗಾರ್ಟರ್ ಚೆನ್ನಾಗಿ ಹಿಗ್ಗುತ್ತದೆ. ಮುಚ್ಚಿ, ಎರಡು ತುದಿ ಸೇರಿಸಿ ಹೊಲಿಯಿರಿ. 45 ಸೆಂ.ಮೀ. ಪಟ್ಟಿ ಅಂದರೆ ನಾಲ್ಕೂವರೆ ಚೌಕ. ಮೇಲಿನ ಲೆಕ್ಕದಲ್ಲಿ 32 ಗ್ರಾಂ ಸಾಕು. ಟೋಪಿ ಹಾಕಿದರೆ ಜಡೆ ಕೆಡುತ್ತದೆ ಎಂದು ತಕರಾರು ಮಾಡುವ ಹುಡುಗಿಯರಿಗೆ ಇದು ಒಪ್ಪಿಗೆಯಾಗುತ್ತದೆ.

3. ತ್ರಿಕೋನದ ಕತ್ತುವಸ್ತ್ರ

90-100 ಗ್ರಾಂ ನೂಲಿದ್ದರೆ ಇದನ್ನು ಹಿಡಿಯಿರಿ. 4 ಕುಣಿಕೆಯಿಂದ ಶುರು. ಪ್ರತಿ ನಾಲ್ಕನೆಯ ಸಾಲಿನ ಕೊನೆಯ ಕುಣಿಕೆಯಲ್ಲಿ ಮುಂದಿನಿಂದೊಮ್ಮೆ ಹಿಂದಿನಿಂದೊಮ್ಮೆ ಹೆಣೆದು ಎರಡು ಮಾಡಿ. ಹೆಚ್ಚುವುದು ಯಾವಾಗಲೂ ಒಂದೇ ಅಂಚಿನಲ್ಲಿ, ಇನ್ನೊಂದು ಅಂಚು ನೇರ. ಆಗಾಗ ಉಳಿದ ಉಂಡೆ ತೂಗುತ್ತಿರಿ. 90 ಗ್ರಾಂನಲ್ಲಿ ಶುರು ಮಾಡಿದ್ದರೆ 46 ಉಳಿದಾಗ ತಿರುಗಿ. ಇನ್ನು ಮೇಲೆ ಪ್ರತಿ ನಾಲ್ಕನೆಯ ಸಾಲಿನ ಕೊನೆಯ ಎರಡು ಕುಣಿಕೆ ಸೇರಿಸಿ ಹೆಣೆದು ಇಳಿಸುತ್ತ ಬನ್ನಿ, 4 ಉಳಿದಾಗ ಮುಚ್ಚಿ. ಹೆಚ್ಚುಕಮ್ಮಿ ಒಂದು ಮೀಟರ್ ಉದ್ದದ ವಸ್ತ್ರ ಬರುತ್ತದೆ. ನೂಲು ಎಷ್ಟೇ ಇರಲಿ, ಅರ್ಧಕ್ಕೆ ಬಂದಾಗ ತಿರುಗಿದರೆ ಕೊನೆಗೆ ಸಾಲದೇ ಹೋಗುವುದಿಲ್ಲ. ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಇದು ಬೇಡ. ಜಾರುಬಂಡೆಯಲ್ಲಿ ತುದಿ ಸಿಕ್ಕಿಕೊಳ್ಳಬಹುದು, ಅವರಿಗೆ ತಲೆಪಟ್ಟಿಯೇ ಸರಿ.

ನಡುವೆ ಎಳೆ ತುಂಡಾದರೆ ಗಂಟು ಹಾಕಬೇಡಿ. ಎರಡು ತುದಿಗಳನ್ನೂ ಸ್ವಲ್ಪ ಬಿಡಿಸಿ, ಒಂದರ ಮೇಲೊಂದಿಟ್ಟು, ಒದ್ದೆ ಮಾಡಿ ಅಂಗೈಗಳ ನಡುವೆ ಜೋರಾಗಿ ಉಜ್ಜಿ. ಯಂತ್ರದಲ್ಲಿ ಒಗೆಯಲೆಂದು ಸಂಸ್ಕರಿಸದ ಉಣ್ಣೆಯಾದರೆ ಅಂಟಿಕೊಳ್ಳುತ್ತದೆ. ಮಕ್ಕಳಿಗೆ ಇದು ಜಾದೂ.

ಯಾವ ಉಣ್ಣೆ?

ನಮ್ಮ ಕಡೆಯ ಕುರಿ ಕಂಬಳಿಯೂ ಕೈನೂಲಿನದೇ. ಕುರುಬರ ಮನೆಗಳಲ್ಲಿ ದಖನಿ ಕುರಿಯ ಉಣ್ಣೆಯನ್ನು ನೂತು ಮಗ್ಗದಲ್ಲಿ ನೇಯುತ್ತಾರೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಅದಕ್ಕೆ ಹೆಸರಾದ ಊರು. ಆ ಉಣ್ಣೆ ಒರಟು. ಹಾಸಲು ಹೊದೆಯಲು ಗಟ್ಟಿ, ಮಗುವಿನ ಕತ್ತಿಗೆ ಚುಚ್ಚುತ್ತದೆ. ಮೈಗೆ ತಾಗುವ ವಸ್ತುವಿಗೆ ಮೆರಿನೊ ಅಥವಾ ಕೊರಿಡೇಲ್ ಕೊಳ್ಳಿ. ಹೊಸದಾಗಿ ನೂಲುವ ಕೈಗೆ ಜಾರುವ ಮೆರಿನೊಗಿಂತ ಕೊರಿಡೇಲ್ ಸುಲಭ. ಗಲ್ಫ್‌ನಲ್ಲಿರುವವರು ಹತ್ತಿ ನೂಲಿನಲ್ಲಿ ಮೊದಲ ಚೌಕವನ್ನೇ ದೊಡ್ಡದು ಮಾಡಿ ಪಾತ್ರೆ ಒರೆಸುವ ಬಟ್ಟೆ ಹೆಣೆಯಬಹುದು.

ಉಣ್ಣೆ ನೋಡಿ, ಮುಟ್ಟಿ ಕೊಳ್ಳಬೇಕೆಂದರೆ ಕುರಿ-ಉಣ್ಣೆ ಮೇಳಗಳಿಗೆ ಹೋಗಿ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮೇ ತಿಂಗಳಲ್ಲಿ, ನ್ಯೂಯಾರ್ಕ್ ರಾಜ್ಯದ ರೈನ್‌ಬೆಕ್‌ನಲ್ಲಿ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾದ ಬೆಂಡಿಗೋದಲ್ಲಿ ಜುಲೈನಲ್ಲಿ ನಡೆಯುತ್ತವೆ. ಮಕ್ಕಳಿಗೆ ಕುರಿಯನ್ನೂ ತೋರಿಸಿದಂತಾಯಿತು.

ಕೊನೆಯದಾಗಿ, ಹೆಣೆದದ್ದನ್ನು ಮತ್ತೊಮ್ಮೆ ನೆನೆಸಿ, ಅಂಚು ಸರಿಪಡಿಸಿ, ಟವೆಲಿನ ಮೇಲೆ ಹರಡಿ ಒಣಗಿಸಿ. ಒಂದು ಬಟ್ಟೆ ಚೂರಿನ ಮೇಲೆ ಯಾರು ನೂತದ್ದು, ಯಾರು ಹೆಣೆದದ್ದು, ಯಾವ ವರ್ಷ ಎಂದು ಮಗುವಿನ ಕೈಯಲ್ಲೇ ಕನ್ನಡದಲ್ಲಿ ಬರೆಸಿ ಒಳಗೆ ಹೊಲಿಯಿರಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಡ್ರೈಯರ್‌ಗೆ ಹಾಕಬೇಡಿ" ಎಂದೂ ಬರೆಸಿ. ಭಾನುವಾರ ಬಟ್ಟೆ ಒಗೆಯುವ ಪಾಳಿ ಯಾರದೇ ಇರಲಿ, ಅವರಿಗೆ ಕಾಣುವಂತಿರಲಿ.