ಭಿಕ್ಷುಕರ ಹೆಸರಿನ ಕರ

ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದವರು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ನೂರಕ್ಕೆ 3 ರೂಪಾಯಿ ಭಿಕ್ಷುಕರ ಕರವನ್ನೂ ಕಟ್ಟುತ್ತಾರೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಹಾಕಿದ ಕರ ಇದು. ಬೀದಿಯಿಂದ ಹಿಡಿದು ತಂದ ಭಿಕ್ಷುಕರಿಗೆ ಅನ್ನ, ನೀರು, ಔಷಧಿ ಕೊಡುವುದಕ್ಕೆಂದೇ ಈ ಹಣ. ನಗರಸಭೆ, ಪಾಲಿಕೆಗಳು ಇದನ್ನು ವಸೂಲಿ ಮಾಡಿ, ಅವರನ್ನು ನೋಡಿಕೊಳ್ಳುವ ಕೇಂದ್ರ ಪರಿಹಾರ ಸಮಿತಿಗೆ ಕಟ್ಟದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸುದ್ದಿ ಮತ್ತೆ ಮತ್ತೆ ಬಂದಿದೆ. ಭಿಕ್ಷೆ ಬೇಡಿದವನಿಗೆ ಕಾಯ್ದೆಯಲ್ಲಿ ವರ್ಷಗಟ್ಟಲೆ ಬಂಧನವಿದೆ. ಅವನ ಹೆಸರಲ್ಲಿ ಎತ್ತಿದ ದುಡ್ಡನ್ನು ಇಟ್ಟುಕೊಂಡವರಿಗೆ ಏನಿದೆ?

2010ರ ಆಗಸ್ಟ್‌ನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ಊರೆಲ್ಲ ಭಿಕ್ಷುಕರ ಕಾಲೊನಿ ಅನ್ನುವ ಆ ಕಾಂಪೌಂಡಿನೊಳಗೆ, ವಾಂತಿಭೇದಿ ಹತ್ತಿತು. ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹಿಡಿಯುವ ಪಡೆಗೆ ಹಿಡಿಯುವುದಷ್ಟೇ ಗೊತ್ತಿತ್ತು. ಹಿಡಿದು ತಂದ ಜನಕ್ಕೆ ಮಲಗಲು ಜಾಗವಿದೆಯೇ ಎಂದು ಯಾರೂ ಕೇಳಲಿಲ್ಲ. ವೃದ್ಧರು, ಕುಷ್ಠವಾದವರು, ಬುದ್ಧಿ ಸ್ತಿಮಿತ ತಪ್ಪಿದವರು, ದಾರಿ ತಪ್ಪಿ ಬಂದು ಭಾಷೆಯೂ ಬಾರದವರು, ಎಲ್ಲರಿಗೂ ಒಂದೇ ಹಣೆಪಟ್ಟಿ. ಸಮಾಜ ಕಲ್ಯಾಣ ಸಚಿವ ಡಿ. ಸುಧಾಕರ್ ರಾಜೀನಾಮೆ ಕೊಟ್ಟರು. 2023ರಲ್ಲಿ ಮತ್ತೆ ಸಚಿವರಾದರು. ಇನ್ನು ಆ ಕೇಂದ್ರದ ಜಮೀನು? ನೂರಕ್ಕೂ ಹೆಚ್ಚು ಎಕರೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ) ಕೊಡುವ ಮಾತು ಆ ಕಾಲದಲ್ಲೇ ಎದ್ದಿತ್ತು. ಒಳಗಿನ ಮನುಷ್ಯರಿಗೆ ಕಟ್ಟದ ಬೆಲೆಯನ್ನು ಅವರ ಕಾಲಡಿಯ ಮಣ್ಣಿಗೆ ಕಟ್ಟಲು ಎಷ್ಟು ಅವಸರ!

ಆಕಸ್ಮಿಕ ಅನ್ನಬೇಡಿ. ಹತ್ತು ವರ್ಷ ಮೊದಲೇ, 2000ದಲ್ಲಿ, ದೆಹಲಿಯ ಲಾಂಪುರದ ಭಿಕ್ಷುಕರ ಗೃಹದಲ್ಲಿ ಇದೇ ವಾಂತಿಭೇದಿಗೆ ಜನ ಸತ್ತಿದ್ದರು. ಆ ಸಾವುಗಳ ಮೊಕದ್ದಮೆಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಕಾಲು ಶತಮಾನ! ಸೇರಿಸಿಕೊಂಡ 24 ಗಂಟೆಯೊಳಗೆ ವೈದ್ಯಕೀಯ ತಪಾಸಣೆ, ತಿಂಗಳಿಗೊಮ್ಮೆ ಆರೋಗ್ಯ ಪರೀಕ್ಷೆ, ಶುದ್ಧ ನೀರು, ಎರಡು ವರ್ಷಕ್ಕೊಮ್ಮೆ ಹೊರಗಿನವರಿಂದ ಕಟ್ಟಡದ ತಪಾಸಣೆ ಎಂದು ಅದು ಆದೇಶಿಸಿತು. ದನದ ಕೊಟ್ಟಿಗೆ ಕಟ್ಟುವವನಿಗೂ ಗೊತ್ತಿರುವ ಸಂಗತಿಯನ್ನು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿಕೊಡಬೇಕಾಯಿತು. ಆದೇಶ ಒಂದೂರಿಗಲ್ಲ, ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ.

ದಾನಿಗಳ ಹುಟ್ಟುಹಬ್ಬದ ಸಿಹಿ, ಹಳೆಯ ಬಟ್ಟೆ, ಫೋಟೊ ನಮಗೆ ಬೇಡ. ಈ ತಿಂಗಳ ನೀರಿನ ಪರೀಕ್ಷೆಯ ವರದಿ, ಅಡುಗೆಮನೆಗೆ ಬಂದ ಅಕ್ಕಿಬೇಳೆಯ ಲೆಕ್ಕ, ಸಾವಿನ ದಾಖಲೆ ಪುಸ್ತಕ, ಪಾಲಿಕೆ ಕಟ್ಟಬೇಕಾದ ಬಾಕಿ, ನಾಲ್ಕನ್ನೂ ಕನ್ನಡದಲ್ಲಿ ಬರೆದು ಮಾಗಡಿ ರಸ್ತೆಯ ಗೇಟಿಗೆ ಅಂಟಿಸಿ. ಕರ ಕಟ್ಟಿದವರು ನಾವು, ಬಂದು ಓದುತ್ತೇವೆ.